ಕಾಸ್ಮೆಟಿಕ್ಸ್ ಗೋದಾಮು ದೊಡ್ಡದು ಮಾಡುವಾಗ: ಸರಕು ಎಲ್ಲಿ, ಜನ ಎಷ್ಟು

ನೆಲಮಂಗಲ, ಹೊಸಕೋಟೆ ಕಡೆ ಶೆಡ್ ನೋಡಲು ಹೋದವರು ಮೊದಲು ಚದರಡಿ ಬಾಡಿಗೆ ಕೇಳುತ್ತಾರೆ. ಅದಕ್ಕೂ ಮುಂಚೆ ಚಾವಣಿ ನೋಡಿ. ಬರಿ ತಗಡಿದ್ದರೆ ಏಪ್ರಿಲ್ ಮಧ್ಯಾಹ್ನ ರ‍್ಯಾಕಿನ ಮೇಲಿನ ಹಂತ ನೆಲಕ್ಕಿಂತ ಬಹಳ ಬಿಸಿ. ಅಲ್ಲಿಟ್ಟ ಲಿಪ್‌ಸ್ಟಿಕ್ ಕರಗದಿದ್ದರೂ ಬೆವರುತ್ತದೆ. ಎಣ್ಣೆ ಹನಿಹನಿಯಾಗಿ ಮೇಲೆ ಬರುತ್ತದೆ, ಮಾಲು ವಾಪಸ್ ಬರುತ್ತದೆ. ನೆಲದ ಬಳಿ ಒಂದು, ಮೇಲೊಂದು ಥರ್ಮಾಮೀಟರ್ ಇಟ್ಟು ವಾರವಿಡೀ ಬರೆದಿಟ್ಟ ಮೇಲೆ ಸಹಿ ಹಾಕಿ. ಲಿಪ್‌ಸ್ಟಿಕ್, ಕ್ರೀಮು ಕೆಳಗೆ. ಪೌಡರ್, ಬ್ರಷ್ ಮೇಲೆ. ಗಂಧದ ಸೋಪನ್ನು ವಾಸನೆಯಿಲ್ಲದ ಕ್ರೀಮಿನಿಂದ ದೂರವಿಡಿ, ರಟ್ಟಿನ ಪೆಟ್ಟಿಗೆ ಪರಿಮಳ ಹೀರುತ್ತದೆ.

ನೇಲ್ ಪಾಲಿಶ್ ರಿಮೂವರ್, ಸೆಂಟು, ಸ್ಪ್ರೇ ಡಬ್ಬಗಳಿಗೆ ಗಾಳಿಯಾಡುವ ಪ್ರತ್ಯೇಕ ಕೋಣೆ ಬೇಕೇ ಬೇಕು. ರಿಮೂವರಿನ ಅಸಿಟೋನ್ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲೂ ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಫೋರ್ಕ್‌ಲಿಫ್ಟ್ ಬ್ಯಾಟರಿ ಚಾರ್ಜ್ ಮಾಡುವ ಜಾಗ ಇದರ ಹತ್ತಿರ ಸುಳಿಯಬಾರದು. ಸ್ಪ್ರಿಂಕ್ಲರ್ ಕೆಳಗೆ ಅರ್ಧ ಮೀಟರ್ ಖಾಲಿ ಬಿಡಿ, ಇಲ್ಲವಾದರೆ ನೀರು ಹರಡುವುದಿಲ್ಲ. ರ‍್ಯಾಕುಗಳ ನಡುವೆ ರೀಚ್ ಟ್ರಕ್ಕಿಗೆ (ಇಕ್ಕಟ್ಟಾದ ದಾರಿಯಲ್ಲೂ ಓಡುವ ಫೋರ್ಕ್‌ಲಿಫ್ಟ್) ಸುಮಾರು 3 ಮೀಟರ್, ಸಾಮಾನ್ಯ ಫೋರ್ಕ್‌ಲಿಫ್ಟಿಗೆ 3.5ರಿಂದ 4 ಮೀಟರ್ ದಾರಿ.

ಮೊದಲು ಬಂದದ್ದಲ್ಲ, ಮೊದಲು ಅವಧಿ ಮುಗಿಯುವುದು ಮೊದಲು ಹೋಗಲಿ. ಒಳಗೆ ಬರುವಾಗಲೇ ಬ್ಯಾಚ್ ನಂಬರ್, ಎಕ್ಸ್‌ಪೈರಿ ದಾಖಲಿಸದಿದ್ದರೆ ಇದು ಆಗದ ಮಾತು. ಹಬ್ಬಕ್ಕೆ ಕಾಂಬೋ ಕಟ್ಟಿ ಹೊಸ ಲೇಬಲ್ ಹಚ್ಚುವ ಯೋಚನೆಯಿದ್ದರೆ ಔಷಧ ನಿಯಂತ್ರಣ ಇಲಾಖೆಯಲ್ಲಿ ವಿಚಾರಿಸಿ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯಲ್ಲಿ ಮಾರಾಟಕ್ಕಾಗಿ ಪ್ಯಾಕ್ ಮಾಡುವುದು, ಲೇಬಲ್ ಹಚ್ಚುವುದೂ ತಯಾರಿಕೆಯೇ. ಹೊಸ ವಿಳಾಸವನ್ನು ಜಿಎಸ್‌ಟಿ ನೋಂದಣಿಗೂ ಸೇರಿಸಬೇಕು.

ಜನರ ಲೆಕ್ಕ ಅಂದಾಜಿಗೆ ಬಿಡಬೇಡಿ. ದಿನಕ್ಕೆ 4,200 ಸಾಲು ಆರ್ಡರ್ (ಆರ್ಡರಿನ ಒಂದೊಂದು ಐಟಂ ಒಂದೊಂದು ಸಾಲು), ಒಬ್ಬರು ಗಂಟೆಗೆ 60 ಸಾಲು ತೆಗೆದರೆ, 7 ಗಂಟೆಯ ನಿಜವಾದ ಕೆಲಸಕ್ಕೆ 10 ಜನ. ರಜೆ, ಗೈರುಹಾಜರಿಗೆಂದು 12 ಇಟ್ಟುಕೊಳ್ಳಿ. ಪ್ಯಾಕಿಂಗ್, ಲೋಡಿಂಗ್ ಲೆಕ್ಕ ಬೇರೆ. ಒಟ್ಟು ಕೆಲಸದವರು 10 ಜನರಾದರೆ ಇಎಸ್‌ಐ, 20 ಆದರೆ ಪಿಎಫ್ ಕಟ್ಟಬೇಕು. ಗುತ್ತಿಗೆದಾರರ ಮೂಲಕ ಬಂದವರಿಗೂ ಕಟ್ಟುತ್ತಿದ್ದಾರೆಯೇ ಎಂದು ಪ್ರತಿ ತಿಂಗಳ ಚಲನ್ ನೋಡಿ. ಇದರಲ್ಲಿ ಸಡಿಲ ಬಿಟ್ಟರೆ ಪೆಟ್ಟು ಬೀಳುವುದು ಕೆಲಸದವರಿಗೆ.

ದಸರಾ ಹತ್ತಿರ ಬಂದ ಮೇಲೆ ಸೇರಿಸಿಕೊಂಡರೆ ಕಲಿಸಲು ಸಮಯವಿರುವುದಿಲ್ಲ. ಹೊಸಬರು ಹೆಚ್ಚು ತಪ್ಪುವುದು ಶೇಡ್ ನಂಬರಿನಲ್ಲಿ, ಏಕೆಂದರೆ ಪೆಟ್ಟಿಗೆಗಳೆಲ್ಲ ಒಂದೇ ಥರ. 12 ಮತ್ತು 21ನೇ ಶೇಡುಗಳನ್ನು ಅಕ್ಕಪಕ್ಕ ಇಡದೆ, ಪ್ರತಿ ಪೀಸನ್ನೂ ಸ್ಕ್ಯಾನ್ ಮಾಡಿಸಿ.