ಬಕೆಟ್ ಮರಳಿನಿಂದ ನೈಟ್ರೇಟ್ ಇಳಿಯಿತು

ಹವಳ ಸಾಕುವ ನನ್ನ ಉಪ್ಪುನೀರಿನ ಅಕ್ವೇರಿಯಂ ಟ್ಯಾಂಕಿನಲ್ಲಿ ನೈಟ್ರೇಟ್ (ಜೀವಿಗಳ ತ್ಯಾಜ್ಯದಿಂದ ನೀರಲ್ಲಿ ಸೇರುವ ಲವಣ) 50 ಪಿಪಿಎಂ (ಹತ್ತು ಲಕ್ಷಕ್ಕೆ 50 ಭಾಗ) ಬಿಟ್ಟು ಕೆಳಗಿಳಿಯುತ್ತಲೇ ಇರಲಿಲ್ಲ. ವಾರವಾರ ನೀರು ಬದಲಿಸಿ ಉಪ್ಪಿನ ಖರ್ಚು ಜಾಸ್ತಿಯಾಯಿತು, ಅಷ್ಟೇ. ಕೊನೆಗೆ ಮುಚ್ಚಳವಿರುವ 20 ಲೀಟರ್ ಬಕೆಟ್ ತಂದೆ. ಸಕ್ಕರೆಯಷ್ಟು ಸಣ್ಣ ಅರಗೊನೈಟ್ (ಸುಣ್ಣದ ಖನಿಜ) ಮರಳು ತೊಳೆದು 20 ಸೆಂ.ಮೀ. ತುಂಬಿಸಿ ಸಂಪ್ ಪಕ್ಕ ಇಟ್ಟೆ (ಮನೆಯ ಸಂಪ್ ಅಲ್ಲ, ಟ್ಯಾಂಕಿನ ನೀರು ಹಾದುಹೋಗುವ ಜೋಡಿ ತೊಟ್ಟಿ). ಮರಳಿನ ಆಳದಲ್ಲಿ ಆಮ್ಲಜನಕ ಇರುವುದಿಲ್ಲ. ಅಲ್ಲಿನ ಬ್ಯಾಕ್ಟೀರಿಯಾ ನೈಟ್ರೇಟನ್ನು ನೈಟ್ರೋಜನ್ ಅನಿಲ ಮಾಡಿ ಹೊರಗೆ ಬಿಡುತ್ತವೆ.

ಮೊದಲು ಟ್ಯಾಂಕಿನ ನೀರನ್ನು ಬಕೆಟ್ ಮೂಲಕ ಮೆಲ್ಲಗೆ ಬಿಟ್ಟಿದ್ದೆ. ಅದೇ ತಪ್ಪು. ಮರಳಿನ ಮೇಲೆ ಕಂದು ಕೆಸರು ಕೂತಿತು, ಬೆರಳು ತಾಗಿದರೆ ಹೊಗೆಯಂತೆ ಏಳುತ್ತಿತ್ತು. ದೊಡ್ಡ ಪಂಪ್ ಹಾಕಿ, ಕಸ ಕೂರದಂತೆ ಮರಳಿನ ಮೇಲೆ ನೀರು ಜೋರಾಗಿ ಹಾಯಿಸಿದೆ. ಬೆಳಕು ಬಿದ್ದರೆ ಪಾಚಿ ಬೆಳೆಯುತ್ತೆ ಅಲ್ವಾ, ಮುಚ್ಚಳ ಮುಚ್ಚಿದೆ. ಎರಡು ತಿಂಗಳು ಸುಮ್ನೆ ಕಾದೆ. ಈಗ ನೈಟ್ರೇಟ್ 10 ಪಿಪಿಎಂ ತೋರಿಸುತ್ತಿದೆ. ಮರಳಿಗೆ ಇನ್ನೂ ಕೈ ಹಾಕಿಲ್ಲ.