ಸ್ಪೈರಲ್ ಸ್ಕ್ರ್ಯಾಚ್: ಕವರ್ ನೋಡಿ, ರನ್‌ಔಟನ್ನೂ ಓದಿ

ಬ್ರಿಟಿಷ್ ಪಂಕ್ ಬ್ಯಾಂಡ್ ಬಜ್‌ಕಾಕ್ಸ್‌ನ 'ಸ್ಪೈರಲ್ ಸ್ಕ್ರ್ಯಾಚ್' ಏಳಿಂಚಿನ ರೆಕಾರ್ಡ್ ಕೊಳ್ಳುವಾಗ ಮೊದಲು ಕವರಿನ ಮುಂಬದಿ ನೋಡಿ: ಬ್ಯಾಂಡಿನ ಹೆಸರಿನ ಜೊತೆಗೆ 'ವಿತ್ ಹೊವರ್ಡ್ ಡಿವೋಟೊ' ಅಂತಿದ್ದರೆ ಅದು 1979ರ ಮರುಮುದ್ರಣ, 1977ರ ಮೂಲ ಮುದ್ರಣವಲ್ಲ. ಮೊದಲ ಗಾಯಕ ಡಿವೋಟೊ ಬ್ಯಾಂಡ್ ಬಿಟ್ಟು 'ಮ್ಯಾಗಜಿನ್' ಎಂಬ ಬೇರೆ ಬ್ಯಾಂಡ್ ಕಟ್ಟಿ ಹೆಸರಾದ ಮೇಲೆ ಸೇರಿದ ಸಾಲು ಅದು. ಆದರೆ ಕವರನ್ನೇ ನಂಬಿ ದುಡ್ಡು ಕೊಡಬೇಡಿ. ಹಳೇ ಕವರಿನೊಳಗೆ ಹೊಸ ರೆಕಾರ್ಡ್ ತುರುಕುವುದು ಸುಲಭ. 2017ರಲ್ಲಿ ಡೊಮಿನೊ ರೆಕಾರ್ಡ್ ಕಂಪನಿ ತಂದ ಮರುಮುದ್ರಣವಂತೂ ಮೂಲ ವಿನ್ಯಾಸದಲ್ಲೇ ಬಂದಿದೆ. ಹಾಗಾಗಿ ಕೊನೆಯ ಗೀರಿಗೂ ಲೇಬಲ್ಲಿಗೂ ನಡುವಿನ ನುಣುಪು ಪಟ್ಟಿಯ, ಅಂದರೆ ರನ್‌ಔಟಿನ, ಫೋಟೊ ಕೇಳಿ. ಎದುರಿಗೇ ಸಿಕ್ಕರೆ ಮೊಬೈಲ್ ಟಾರ್ಚನ್ನು ರೆಕಾರ್ಡಿನ ಮಟ್ಟಕ್ಕೆ ಇಳಿಸಿ, ಅಡ್ಡ ಬೆಳಕು ಬಿಟ್ಟು, ರೆಕಾರ್ಡನ್ನು ಅಂಚಿನಲ್ಲಿ ಹಿಡಿದು ನಿಧಾನ ತಿರುಗಿಸಿ. ನೇರ ಬೆಳಕಿನಲ್ಲಿ ಕಾಣದ ಕೈಗೀರು ಅಕ್ಷರ ನೆರಳಾಗಿ ಎದ್ದು ಕಾಣುತ್ತದೆ. ಎರಡೂ ಬದಿ ಬರೆದುಕೊಂಡು, ಖಚಿತವಾಗಿ ಗೊತ್ತಿರುವ ಪ್ರತಿಯೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿ. ವಿದೇಶಿ ಮುದ್ರಣಗಳಲ್ಲಿ ಮಾತ್ರ ಈ ಉಪಾಯ ಕೈಕೊಡುತ್ತದೆ: ಕೆಲವಕ್ಕೆ ಬ್ರಿಟನ್ನಿನಿಂದಲೇ ಲೋಹದ ಅಚ್ಚು ಹೋಗಿರುತ್ತಿತ್ತು, ರನ್‌ಔಟಿನಲ್ಲಿ ಬ್ರಿಟಿಷ್ ಸಂಖ್ಯೆಯೇ ಇರುತ್ತದೆ. ಅಲ್ಲಿ ಲೇಬಲ್ಲಿನ ಮೇಲಿರುವ ಸಂಗೀತ ಹಕ್ಕು ಸಂಸ್ಥೆಯ ಹೆಸರು ನೋಡಿ: ಗೇಮಾ ಇದ್ದರೆ ಜರ್ಮನಿ, ಸಾಸೆಮ್ ಫ್ರಾನ್ಸ್, ಜಾಸ್ರ್ಯಾಕ್ ಜಪಾನ್ ಕಡೆ ಬೆರಳು ತೋರಿಸುತ್ತವೆ.