ಚಿಲ್ಲಿ ಸಾಸ್ ಚಿಕನ್ ರೈಸ್ ಬೌಲ್: ಕಹಿಯೂ ಹೋಯಿತು, ತಳದ ನೀರೂ ಹೋಯಿತು

ಗಂಗಾವತಿಯ ನಮ್ಮ ಮನೆಯಲ್ಲಿ ಖಾರದ ಚಿಕನ್ ರೈಸ್ ಬೌಲ್ ಮಾಡಿದಾಗೆಲ್ಲ ಸಾಸ್ ಕಪ್ಪಾಗಿ ಕಹಿಯಾಗುತ್ತಿತ್ತು. ಬಟ್ಟಲಿನ ತಳದಲ್ಲಿ ಕೆಂಪು ನೀರು ನಿಂತು ಅನ್ನ ಮೆತ್ತಗಾಗುತ್ತಿತ್ತು.

ಬೇರೆ ಸಾಸ್ ತಂದರೂ ಅಷ್ಟೇ. ಕಹಿ ಹೋಗಲಿ ಅಂತ ಸಕ್ಕರೆ ಹಾಕಿದರೆ ಇನ್ನೂ ಬೇಗ ಸೀದಿತು. ಕಾರ್ನ್‌ಫ್ಲೋರ್ ಜಾಸ್ತಿ ಮಾಡಿದರೆ ಬರೀ ಅಂಟು. ಬಾಸ್ಮತಿಯೂ ಬೇಕಿಲ್ಲ, ನಮ್ಮ ಸೋನಾ ಮಸೂರಿಯೇ ಚೆಂದ.

ಸರಿಹೋದದ್ದು ಕ್ರಮ ಬದಲಿಸಿದಾಗ. ಬಾಟಲಿ ಸಾಸ್‌ನಲ್ಲಿ ಸಕ್ಕರೆ ಇರುತ್ತದೆ, ಜೋರು ಉರಿಗೆ ಸೀಯುತ್ತದೆ. ಚಿಕನ್‌ಗೆ ಮಾತ್ರ ಜೋರು ಉರಿಯೇ ಬೇಕು. ಅದಕ್ಕೇ ಎರಡನ್ನೂ ಬೇರೆ ಬೇರೆ ಮಾಡಿ.

ಅರ್ಧ ಕೆಜಿ ಬೋನ್‌ಲೆಸ್ ಚಿಕನ್ ತುಂಡುಗಳ ಪಸೆ ಒರೆಸಿ, ಉಪ್ಪು ಹಚ್ಚಿ. ಕಬ್ಬಿಣದ ಬಾಣಲೆ ಚೆನ್ನಾಗಿ ಕಾಯಲಿ. ಎಣ್ಣೆ ಹಾಕಿ ಎರಡು ಸಲವಾಗಿ ಹುರಿಯಿರಿ. ಒಟ್ಟಿಗೆ ತುಂಬಿದರೆ ನೀರು ಬಿಡುತ್ತದೆ. ಮೊದಲ 3 ನಿಮಿಷ ಕೈಯಾಡಿಸಬೇಡಿ. ಒಳಗೆ ಪೂರ್ತಿ ಬೆಂದ ಮೇಲೆ ತಟ್ಟೆಗೆ ತೆಗೆಯಿರಿ.

ಈಗ ಉರಿ ಸಣ್ಣ. ಜಜ್ಜಿದ ಬೆಳ್ಳುಳ್ಳಿ 8 ಎಸಳು, ಕಾಲು ಕಪ್ ನೀರು, ಆಮೇಲೆ 3 ಚಮಚ ಚಿಲ್ಲಿ ಸಾಸ್, 1 ಚಮಚ ಸೋಯಾ ಸಾಸ್. ನೀರು ಮೊದಲು, ಸಾಸ್ ನಂತರ. ಇದನ್ನು ಮಾತ್ರ ತಪ್ಪಿಸಬೇಡಿ. ತಟ್ಟೆಗೆ ಇಳಿದ ಚಿಕನ್ ರಸವನ್ನೂ ಈಗಲೇ ಸೇರಿಸಿ ಕುದಿಸಿ. ಚಮಚ ಎಳೆದಾಗ ಬಾಣಲೆಯ ತಳ ಕಂಡು, ಸಾಸ್ ನಿಧಾನವಾಗಿ ಮತ್ತೆ ಕೂಡಿಕೊಳ್ಳಬೇಕು. ಆಗ ಒಲೆ ಆರಿಸಿ ಚಿಕನ್ ಹೊರಳಿಸಿ.

ಹೊಸ ಅಕ್ಕಿಯಾದರೆ 1 ಲೋಟಕ್ಕೆ ಒಂದೂವರೆ ಲೋಟ ನೀರು, ಹಳೇದಾದರೆ 2. ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ, ಹಬೆ ಹೋದ ಮೇಲೆ ಬಟ್ಟಲಿಗೆ ಹಾಕಿ. ನಿಂಬೆರಸ ತಿನ್ನುವಾಗ ಹಿಂಡಿ.